ಇನ್ಸ್‌ಪೆಕ್ಟರ್ ಹೋದ ಮೇಲೆ ಏನಾಗುತ್ತದೆ?

ಕನ್ವೇಯರ್ ಬೆಲ್ಟಿನ ಪಕ್ಕ ಒಂದು ಮರದ ಕೋಲು ಒರಗಿಸಿಟ್ಟಿದೆ ಅಂದುಕೊಳ್ಳಿ. ಎರಡು ಅಡಿ ಉದ್ದ ಇರಬಹುದು. ಒಂದು ತುದಿ ಸವೆದು ಕಪ್ಪಾಗಿದೆ, ಇನ್ನೊಂದು ತುದಿ ಕೈಬೆವರಿಗೆ ನುಣುಪಾಗಿದೆ. ಸುರಕ್ಷತಾ ತಪಾಸಣೆಗೆ ಬಂದವರು ಅದನ್ನು ಗಮನಿಸದೆ ದಾಟಿ ಹೋಗಬಹುದು. ಗಮನಿಸಿದರೂ 'ಬೇಡದ ವಸ್ತು, ತೆಗೆಯಿರಿ' ಎಂದು ಒಂದು ಸಾಲು ಬರೆದು ಮುಂದೆ ನಡೆಯಬಹುದು. ಪಳಗಿದ ಇನ್ಸ್‌ಪೆಕ್ಟರ್ ಆದರೆ ಅಲ್ಲೇ ನಿಂತುಬಿಡುತ್ತಾರೆ. ಈ ಕೋಲು ಇಲ್ಲಿ ಯಾಕಿದೆ?

ಯಾಕೆಂದರೆ ಬೆಲ್ಟಿನಲ್ಲಿ ಆಗಾಗ ಸರಕು ಸಿಕ್ಕಿಕೊಳ್ಳುತ್ತದೆ. ನಿಯಮದ ಪ್ರಕಾರ ಮೆಷಿನ್ ನಿಲ್ಲಿಸಬೇಕು, ಕರೆಂಟ್ ಸ್ವಿಚ್ಚಿಗೆ ಬೀಗ ಹಾಕಬೇಕು, ಸಿಕ್ಕಿದ್ದನ್ನು ಬಿಡಿಸಬೇಕು, ಬೀಗ ತೆಗೆದು ಮತ್ತೆ ಚಾಲೂ ಮಾಡಬೇಕು. ಹತ್ತು ನಿಮಿಷದ ಕೆಲಸ. ಕೋಲಿನಲ್ಲಿ ತಿವಿದರೆ ಹತ್ತು ಸೆಕೆಂಡ್. ಒಂದು ಶಿಫ್ಟಿನಲ್ಲಿ ಎಂಟು ಸಲ ಸಿಕ್ಕಿಕೊಂಡರೆ ಪ್ರತಿ ಸಲವೂ ಬೀಗ ಹಾಕುವವರು ಯಾರು ಹೇಳಿ? ಕೋಲು ಕೈಗೆ ಸಿಗದ ದಿನ ಕೈಯನ್ನೇ ಹಾಕುತ್ತಾರೆ.

ಹಾಗಾಗಿ ಕೋಲು ಎತ್ತಿಸಿ ವರದಿಯಲ್ಲಿ 'ಸರಿಪಡಿಸಲಾಗಿದೆ' ಎಂದು ಬರೆದರೆ ಅಪಾಯ ಇದ್ದಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಬೆಲ್ಟ್ ಯಾಕೆ ಸಿಕ್ಕಿಕೊಳ್ಳುತ್ತಿದೆ ಎಂದು ಯಾರಾದರೂ ಕೇಳಿ, ಆ ಬಾಗಿದ ತಗಡನ್ನೋ ಸವೆದ ರೋಲರನ್ನೋ ಬದಲಿಸಿದರೆ ಕೋಲು ತಾನಾಗಿಯೇ ಕಾಣೆಯಾಗುತ್ತದೆ. ಕೆಲಸದ ಜಾಗದ ತಪಾಸಣೆಗಳ ಬಗ್ಗೆ ನಡೆಯುವ ವಾದವೆಲ್ಲ ಕೊನೆಗೆ ಈ ಕೋಲಿನ ಹತ್ತಿರ ಬಂದು ನಿಲ್ಲುತ್ತದೆ ಅನ್ನೋದು ನನ್ನ ಅನಿಸಿಕೆ. ಎಷ್ಟು ತಪಾಸಣೆ ನಡೆಯಿತು, ಎಷ್ಟು ತಪ್ಪು ಸಿಕ್ಕಿತು ಎಂದು ಎಲ್ಲರೂ ಲೆಕ್ಕ ಇಡುತ್ತಾರೆ. ಸಿಕ್ಕ ತಪ್ಪನ್ನು ಹೇಗೆ 'ಮುಗಿಸಿದರು' ಎಂದು ಕೇಳುವವರು ಕಡಿಮೆ.

ಅಪಾಯ ನಿರ್ವಹಣೆ ಅಂದರೆ ದೊಡ್ಡ ವಿದ್ಯೆಯೇನಲ್ಲ. ಪೆಟ್ಟು ಕೊಡಬಲ್ಲದ್ದು ಎಲ್ಲಿದೆ ಎಂದು ಗುರುತಿಸುವುದು. ಅದು ಯಾರಿಗೆ, ಎಷ್ಟು ಜೋರಾಗಿ ತಾಗಬಹುದು ಎಂದು ಅಂದಾಜು ಮಾಡುವುದು. ತಡೆ ಹಾಕುವುದು. ಆ ತಡೆ ನಾಳೆಯೂ, ನಾಡಿದ್ದೂ ಇದೆಯಾ ಎಂದು ನೋಡುತ್ತಿರುವುದು. ತಪಾಸಣೆ ಮುಖ್ಯವಾಗಿ ಈ ನಾಲ್ಕನೆಯ ಕೆಲಸಕ್ಕೆ ಇರುವುದು. ಬಹಳ ಕಡೆ ಅದನ್ನೇ ಮೊದಲ ಮೂರರ ಬದಲಿಗೂ ಬಳಸುತ್ತಾರೆ. 'ಇನ್ಸ್‌ಪೆಕ್ಟರ್ ಬಂದು ಹೇಳಲಿ, ಆಮೇಲೆ ನೋಡೋಣ' ಎಂಬ ಮನೋಭಾವ ಹುಟ್ಟುವುದು ಅಲ್ಲಿಂದಲೇ.

ಅಂಕಿಅಂಶ ಏನು ಹೇಳುತ್ತದೆ

ತಪಾಸಣೆಯಿಂದ ನಿಜಕ್ಕೂ ಗಾಯ ಕಡಿಮೆಯಾಗುತ್ತದಾ? ಉತ್ತರ ಹುಡುಕುವುದು ಅಂದುಕೊಂಡಷ್ಟು ಸುಲಭವಲ್ಲ. ಅಪಘಾತ ಆದ ಕಡೆಗೇ ಇನ್ಸ್‌ಪೆಕ್ಟರ್ ಹೋಗುವುದು ವಾಡಿಕೆ. ಸುಮ್ನೆ ಹೋಲಿಸಿ ನೋಡಿದರೆ ತಪಾಸಣೆ ಆದ ಜಾಗಗಳಲ್ಲೇ ಅಪಘಾತ ಜಾಸ್ತಿ ಕಾಣುತ್ತದೆ. ಆಸ್ಪತ್ರೆಗೆ ಹೋದವರಲ್ಲೇ ಕಾಯಿಲೆ ಜಾಸ್ತಿ ಇರುತ್ತದಲ್ಲ, ಹಾಗೆ. ಇನ್ನೊಂದು ತೊಡಕೂ ಇದೆ. ಒಂದು ವರ್ಷ ಅಪಘಾತ ವಿಪರೀತ ಆಗಿದ್ದರೆ ಮುಂದಿನ ವರ್ಷ ಯಾರೂ ಏನೂ ಮಾಡದಿದ್ದರೂ ಸಂಖ್ಯೆ ಸ್ವಲ್ಪ ಇಳಿಯುತ್ತದೆ. ಅದರ ಕೀರ್ತಿ ತಪಾಸಣೆಗೆ ಹೋಗಿಬಿಡುತ್ತದೆ.

ಈ ಗೋಜಲು ಬಿಡಿಸಲು ಒಂದು ಒಳ್ಳೆಯ ಅವಕಾಶ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಅಲ್ಲಿನ ಸುರಕ್ಷತಾ ಇಲಾಖೆ ಅಪಾಯ ಹೆಚ್ಚಿರುವ ಉದ್ಯಮಗಳಲ್ಲಿ ಕೆಲವು ಸಂಸ್ಥೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ತಪಾಸಣೆ ನಡೆಸುತ್ತಿತ್ತು. ಹಾಗೆ ಆಯ್ಕೆಯಾದ 409 ಸಂಸ್ಥೆಗಳನ್ನು, ಅವುಗಳಂಥದ್ದೇ ಆದರೆ ಚೀಟಿಯಲ್ಲಿ ಹೆಸರು ಬಾರದ 409 ಸಂಸ್ಥೆಗಳ ಜೊತೆ ಸಂಶೋಧಕರು ಹೋಲಿಸಿದರು. 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಪಾಸಣೆ ಆದ ಕಡೆ ಗಾಯಗಳ ಪ್ರಮಾಣ ಶೇ. 9.4 ಇಳಿದಿತ್ತು. ಗಾಯಗಳಿಗೆ ತಗಲುವ ಖರ್ಚು ಶೇ. 26 ಇಳಿದಿತ್ತು. ಕೆಲಸಗಾರರ ಸಂಖ್ಯೆಯಲ್ಲಾಗಲಿ ವ್ಯಾಪಾರದಲ್ಲಾಗಲಿ ನಷ್ಟ ಆದ ಗುರುತು ಸಿಗಲಿಲ್ಲ. 'ಇನ್ಸ್‌ಪೆಕ್ಟರ್ ಬಂದರೆ ಉದ್ಯೋಗ ಹೋಗುತ್ತದೆ' ಎನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಕಂಡಿಲ್ಲ.

ಶೇ. 9.4 ಅಂದರೆ ತೀರಾ ಸ್ವಲ್ಪ ಅನಿಸಬಹುದು. ಆದರೆ ಒಂದು ಭೇಟಿ, ಕೆಲವು ಗಂಟೆ, ಒಂದು ವರದಿ. ಅದರ ಪರಿಣಾಮ ಮುಂದಿನ ಕೆಲವು ವರ್ಷ ಉಳಿಯುತ್ತದೆ ಅಂದರೆ ಒಳಗೆ ಏನೋ ಬದಲಾಗಿರಲೇಬೇಕು. ಇನ್ಸ್‌ಪೆಕ್ಟರ್ ಕಂಡ ನಾಲ್ಕು ಬೋಲ್ಟುಗಳನ್ನು ಬಿಗಿ ಮಾಡಿದ್ದಕ್ಕೇ ಇಷ್ಟು ಇಳಿಕೆ ಬರಲಾರದು. ಅವರು ನೋಡದೇ ಹೋದದ್ದನ್ನೂ ಸಂಸ್ಥೆಯವರು ತಾವೇ ನೋಡಲು ಶುರು ಮಾಡಿದಾಗ ಮಾತ್ರ ಇದು ಸಾಧ್ಯ.

ದಂಡದ ವಿಚಾರವೂ ಇಲ್ಲೇ ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ ವಿಮರ್ಶೆಗಳಲ್ಲಿ, ದಂಡ ಬಿದ್ದ ತಪಾಸಣೆಗಳ ನಂತರ ಗಾಯ ಕಡಿಮೆಯಾದದ್ದಕ್ಕೆ ಪುರಾವೆ ಗಟ್ಟಿಯಾಗಿದೆ. 'ಬಂದರು, ನೋಡಿದರು, ಚಹಾ ಕುಡಿದು ಹೋದರು' ಎಂಬಂಥ ಭೇಟಿಗಳಿಗೆ ಅಂಥ ಪುರಾವೆ ಇಲ್ಲ. ಇನ್ನೂ ಕುತೂಹಲದ ಸಂಗತಿ ಒಂದಿದೆ. ಅಮೆರಿಕದ ಕೇಂದ್ರ ಸುರಕ್ಷತಾ ಇಲಾಖೆ 2009ರ ನಂತರ ದೊಡ್ಡ ದಂಡ ಬಿದ್ದಾಗಲೆಲ್ಲ ಆ ಊರಿನ ಪತ್ರಿಕೆಗಳಿಗೆ ಪ್ರಕಟಣೆ ಕಳಿಸಲು ಶುರು ಮಾಡಿತು. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಅಂಥ ಒಂದು ಪ್ರಕಟಣೆಯಿಂದ ಸುತ್ತಮುತ್ತಲಿನ ಅದೇ ಉದ್ಯಮದವರಲ್ಲಿ ಕಂಡ ಸುಧಾರಣೆಯನ್ನು ತಪಾಸಣೆಯಿಂದಲೇ ತರಬೇಕಿದ್ದರೆ 210 ತಪಾಸಣೆ ಬೇಕಾಗುತ್ತಿತ್ತು. ಪಕ್ಕದ ಕಾರ್ಖಾನೆಯವನ ಹೆಸರು ಪೇಪರಿನಲ್ಲಿ ಬಂದರೆ ನಮ್ಮ ಮೆಷಿನ್ನಿನ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ಹಾಕುವ ಕವಚ, ಸರಿ ಇದೆಯಾ ಎಂದು ನೋಡಿಕೊಳ್ಳುತ್ತೇವೆ. ಮನುಷ್ಯ ಸ್ವಭಾವ, ಅಲ್ವಾ?

ಎಣ್ಣೆ ಒರೆಸಿದ ಕಥೆ

ಈಗ ಒಳಗಿನ ತಪಾಸಣೆಗೆ ಬರೋಣ. ಸರ್ಕಾರಿ ಇನ್ಸ್‌ಪೆಕ್ಟರ್ ಬರುವುದು ಅಪರೂಪಕ್ಕೆ. ಸಂಸ್ಥೆಯ ಸೇಫ್ಟಿ ಆಫೀಸರ್, ಸೂಪರ್‌ವೈಸರ್‌ಗಳು ಮಾಡುವ ತಪಾಸಣೆ ವಾರವಾರವೂ ನಡೆಯುತ್ತದೆ. ದಿನನಿತ್ಯದ ಅಪಾಯ ನಿರ್ವಹಣೆ ನಿಂತಿರುವುದು ಇದರ ಮೇಲೆ.

ಒಂದು ಪಂಪ್ ತೆಗೆದುಕೊಳ್ಳಿ. ವರದಿಯಲ್ಲಿ ಸಾಲು: 'ಪಂಪ್ ಬಳಿ ನೆಲದ ಮೇಲೆ ಎಣ್ಣೆ, ಜಾರುವ ಅಪಾಯ.' ಮೂರು ದಿನದಲ್ಲಿ ಉತ್ತರ: 'ಒರೆಸಲಾಗಿದೆ, ಫೋಟೋ ಲಗತ್ತಿಸಿದೆ.' ಫೋಟೋದಲ್ಲಿ ನೆಲ ಹೊಳೆಯುತ್ತಿದೆ. ಸಾಲು ಹಸಿರು ಬಣ್ಣಕ್ಕೆ ತಿರುಗಿತು. ಮುಂದಿನ ತಿಂಗಳು ಮತ್ತೆ ಅದೇ ಸಾಲು, ಮತ್ತೆ ಅದೇ ಉತ್ತರ. ಮೂರನೇ ತಿಂಗಳು ಯಾರಿಗೋ ಬುದ್ಧಿ ಬಂದು 'ನೆಲ ಜಾರುತ್ತದೆ, ಎಚ್ಚರಿಕೆ' ಎಂಬ ಹಳದಿ ಬೋರ್ಡ್ ತಂದು ನಿಲ್ಲಿಸುತ್ತಾರೆ. ತಿಂಗಳ ಮೀಟಿಂಗಿನಲ್ಲಿ 'ಶೇ. 100 ಅಂಶಗಳು ಮುಕ್ತಾಯ' ಎಂಬ ಸ್ಲೈಡ್ ಬರುತ್ತದೆ. ಚಪ್ಪಾಳೆ.

ನಾಲ್ಕನೇ ತಿಂಗಳು ಬೇರೆ ಯಾರೋ ತಪಾಸಣೆಗೆ ಬರುತ್ತಾರೆ. ಎಣ್ಣೆ ನೋಡುವ ಬದಲು ಸ್ಟೋರ್ ರಿಜಿಸ್ಟರ್ ತೆಗೆಸುತ್ತಾರೆ. ಅದೇ ಪಂಪಿಗೆ ವರ್ಷದಲ್ಲಿ ಐದು ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಿಲ್ಲೆ) ಹೋಗಿದೆ. ಸೀಲ್ ಇಷ್ಟು ಬೇಗ ಯಾಕೆ ಹಾಳಾಗುತ್ತಿದೆ? ಪಂಪ್ ಅದುರುತ್ತಿದೆ. ಯಾಕೆ ಅದುರುತ್ತಿದೆ? ಮೋಟಾರ್ ಬದಲಿಸಿದಾಗ ಪಂಪ್ ಶಾಫ್ಟಿಗೂ ಮೋಟಾರ್ ಶಾಫ್ಟಿಗೂ ಅಲೈನ್‌ಮೆಂಟ್ ಸರಿ ಕೂರಿಸಿರಲಿಲ್ಲ, ಅಂದರೆ ಎರಡೂ ಒಂದೇ ನೇರಕ್ಕೆ ಇರಲಿಲ್ಲ. ಯಾಕೆ ಕೂರಿಸಲಿಲ್ಲ? ಅದಕ್ಕೆ ಅರ್ಧ ದಿನ ಲೈನ್ ನಿಲ್ಲಿಸಬೇಕು, ಪ್ರೊಡಕ್ಷನ್‌ನವರು ಅರ್ಧ ದಿನ ಕೊಡಲಿಲ್ಲ.

ನೆಲದ ಮೇಲಿನ ಎಣ್ಣೆಗೆ ಕಾರಣ ಟೈಮ್‌ಟೇಬಲ್ಲು! ಇದನ್ನು ಕಸಬರಿಗೆಯವರಿಂದ ಸರಿಮಾಡಿಸಲು ಆಗುವುದಿಲ್ಲ. ಸೇಫ್ಟಿ ಆಫೀಸರ್ ಕೈಯಲ್ಲೂ ಆಗುವುದಿಲ್ಲ. ಲೈನ್ ನಿಲ್ಲಿಸುವ ಅಧಿಕಾರ ಯಾರಿಗಿದೆಯೋ ಅವರ ಮೇಜಿಗೆ ಈ ಸಾಲು ಹೋಗಬೇಕು. ಹೀಗೆ ತಪಾಸಣೆಯ ಸಾಲೊಂದು ಕೆಳಗಿನಿಂದ ಮೇಲಿನ ಮೇಜಿಗೆ ಹತ್ತುತ್ತದಾ, ಕೆಳಗೇ ಸುತ್ತುತ್ತದಾ ಎಂದು ನೋಡಿದರೆ ಸಾಕು, ಆ ಸಂಸ್ಥೆಯ ಸುರಕ್ಷತೆ ಹೇಗಿದೆ ಎಂದು ಅರ್ಧ ಗೊತ್ತಾಗುತ್ತದೆ. ಇನ್ನರ್ಧಕ್ಕೆ ಹಳೆ ವರದಿಗಳನ್ನು ಒಟ್ಟಿಗೆ ಹರಡಿ ನೋಡಿ. ಒಂದೇ ಸಾಲು ಎಷ್ಟು ಸಲ ಮರಳಿ ಬಂದಿದೆ?

ಅಪಾಯ ತಡೆಯುವ ದಾರಿಗಳಿಗೆ ಒಂದು ಮೆಟ್ಟಿಲ ಸಾಲಿದೆ. ಸುರಕ್ಷತೆಯ ಕೆಲಸದಲ್ಲಿ ಇರುವವರಿಗೆಲ್ಲ ಬಾಯಿಪಾಠ. ಸಾಧ್ಯವಾದರೆ ಅಪಾಯವನ್ನೇ ತೆಗೆದುಹಾಕು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸು. ಅದೂ ಆಗದಿದ್ದರೆ ಗಾರ್ಡ್, ಇಂಟರ್‌ಲಾಕ್ (ಗಾರ್ಡ್ ತೆರೆದರೆ ಮೆಷಿನ್ ತಾನೇ ನಿಲ್ಲುವ ವ್ಯವಸ್ಥೆ), ಎಕ್ಸಾಸ್ಟ್ ಹಾಕಿ ಮನುಷ್ಯನಿಂದ ದೂರ ಇಡು. ಆಮೇಲೆ ನಿಯಮ, ತರಬೇತಿ, ಬೋರ್ಡು. ಕಟ್ಟಕಡೆಗೆ ಹೆಲ್ಮೆಟ್, ಗ್ಲೌಸ್, ಮಾಸ್ಕ್. ತಮಾಷೆ ಏನೆಂದರೆ, ತಪಾಸಣೆಯ ಕಣ್ಣು ಈ ಮೆಟ್ಟಿಲನ್ನು ತಲೆಕೆಳಗಾಗಿ ಹತ್ತುತ್ತದೆ. ಹೆಲ್ಮೆಟ್ ಹಾಕಿಲ್ಲದ ತಲೆ ಐವತ್ತು ಅಡಿ ದೂರದಿಂದ ಕಾಣುತ್ತದೆ. ಅಲೈನ್‌ಮೆಂಟ್ ತಪ್ಪಿದ ಶಾಫ್ಟ್ ಪಕ್ಕ ನಿಂತರೂ ಕಾಣುವುದಿಲ್ಲ. ಹಾಗಾಗಿ ವರದಿ ತುಂಬ ಹೆಲ್ಮೆಟ್ಟೇ.

ಚೆಕ್‌ಲಿಸ್ಟ್ ಕುರುಡಾಗಿದ್ದರೆ ಅದೇ ಅಪಾಯ ತರುವುದೂ ಉಂಟು. 'ಗ್ಲೌಸ್ ಹಾಕಿದ್ದಾರೆಯೇ?' ಎಂಬ ಪ್ರಶ್ನೆಗೆ ಎಲ್ಲ ಕಡೆ 'ಹೌದು' ಬರಬೇಕು ಎಂದು ಹಟ ಹಿಡಿದರೆ ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಂತವನೂ ಗ್ಲೌಸ್ ಹಾಕುತ್ತಾನೆ. ತಿರುಗುವ ಬಿಟ್ಟಿಗೆ ಗ್ಲೌಸಿನ ಒಂದು ಎಳೆ ಸಿಕ್ಕರೆ ಸಾಕು, ಬೆರಳು, ಮಣಿಕಟ್ಟು ಎಲ್ಲ ಅದರ ಹಿಂದೆಯೇ ಹೋಗುತ್ತದೆ. ಅಲ್ಲಿ ಬರಿಗೈಯೇ ಸರಿ. ಆದರೆ ಚೆಕ್‌ಲಿಸ್ಟಿನಲ್ಲಿ 'ಇಲ್ಲಿ ಹಾಕಬಾರದು' ಎಂಬುದಕ್ಕೆ ಖಾನೆಯೇ ಇರುವುದಿಲ್ಲ.

ಕಣ್ಣಿಗೆ ಬೀಳದ್ದು

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್‌ನಲ್ಲಿ ಕಂಪನಿಗಳ ಹಿರಿಯ ಅಧಿಕಾರಿಗಳು ಸುತ್ತು ಹಾಕುತ್ತಿದ್ದರು. ಕೆಲಸ ತಪ್ಪಿಸುವಂಥ ಗಾಯ ಒಂದೂ ಆಗದೆ ಏಳು ವರ್ಷ ಕಳೆದದ್ದಕ್ಕೆ ಅಭಿನಂದನೆ ಹೇಳುವುದೂ ಆ ಭೇಟಿಯ ಉದ್ದೇಶವಾಗಿತ್ತು. ಜಾರಿ ಬೀಳುವುದು, ಎತ್ತರದಿಂದ ಬೀಳುವುದು, ಇಂಥವುಗಳ ಮೇಲೆ ಅವರ ಗಮನ. ಅದೇ ಹೊತ್ತಿಗೆ ತೈಲ ಬಾವಿಯ ಒತ್ತಡ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಓದಲಾಗಿತ್ತು. ರಾತ್ರಿ ಬಾವಿ ಸ್ಫೋಟಿಸಿ 11 ಮಂದಿ ಸತ್ತರು.

ಅದಕ್ಕೂ ಐದು ವರ್ಷ ಹಿಂದೆ, 2005ರ ಮಾರ್ಚ್ 23ರಂದು, ಟೆಕ್ಸಾಸ್ ಸಿಟಿಯ ರಿಫೈನರಿಯಲ್ಲಿ ಸ್ಫೋಟವಾಗಿ 15 ಮಂದಿ ಸತ್ತಿದ್ದರು, 180 ಮಂದಿ ಗಾಯಗೊಂಡಿದ್ದರು. ಬೆರಳು ಕೊಯ್ದುಕೊಂಡವರ ಸಂಖ್ಯೆ ಇಳಿದದ್ದನ್ನು ನೋಡಿ ಇಡೀ ಘಟಕವೇ ಸುರಕ್ಷಿತ ಎಂದು ಕಂಪನಿ ನಂಬಿತ್ತು ಎಂಬುದು ಆಮೇಲಿನ ವಿಚಾರಣಾ ಸಮಿತಿಯ ಮಾತಿನ ಸಾರ. ಎರಡು ಬೇರೆ ಬೇರೆ ವಿಷಯ ಇವು. ಮೆಟ್ಟಿಲ ಪಕ್ಕದ ಕಂಬಿ ಗಟ್ಟಿಯಾಗಿದ್ದ ಮಾತ್ರಕ್ಕೆ ಟ್ಯಾಂಕಿನ ಲೆವೆಲ್ ಮೀಟರ್ ಸರಿ ತೋರಿಸುತ್ತಿದೆ ಅಂತಲ್ಲ.

ಇನ್ನೂ ಹಿಂದಿನದು ಪೈಪರ್ ಆಲ್ಫಾ. ಉತ್ತರ ಸಮುದ್ರದ ತೈಲ ವೇದಿಕೆ. 1988ರ ಜುಲೈ 6ರಂದು 167 ಮಂದಿ ಸತ್ತರು. ಹಗಲು ಶಿಫ್ಟಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ಆ ಜಾಗಕ್ಕೆ ಬರೀ ಮುಚ್ಚಳ ಕೂರಿಸಿ ಹೋಗಿದ್ದರು. ರಾತ್ರಿ ಶಿಫ್ಟಿನವರಿಗೆ ಅದು ಗೊತ್ತಿರಲಿಲ್ಲ. ಇನ್ನೊಂದು ಪಂಪ್ ನಿಂತಿತು, ಇದನ್ನು ಚಾಲೂ ಮಾಡಿದರು, ಅನಿಲ ಸೋರಿತು. ಕೆಲಸದ ಪರ್ಮಿಟ್ ಚೀಟಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಿಯಾಗಿ ದಾಟದೇ ಹೋದ ಕಥೆ ಇದು. ಬೆಂಕಿಗೆ ಕೆಲವೇ ವಾರ ಮೊದಲು, ಜೂನ್ ತಿಂಗಳಲ್ಲಿ, ಸರ್ಕಾರಿ ಇನ್ಸ್‌ಪೆಕ್ಟರ್ ಆ ವೇದಿಕೆಗೆ ಬಂದು ಹೋಗಿದ್ದರು. ವಿಚಾರಣೆ ನಡೆಸಿದ ಲಾರ್ಡ್ ಕಲನ್ ಆ ತಪಾಸಣೆ ತೀರಾ ಮೇಲ್ಮೇಲಿನದು ಎಂದು ಟೀಕಿಸಿದರು. ಅದಕ್ಕಿಂತ ಮುಖ್ಯವಾಗಿ, ಸರ್ಕಾರದವರು ಬಂದು ತಪ್ಪು ಹುಡುಕಲಿ ಎಂಬ ವ್ಯವಸ್ಥೆಯನ್ನೇ ಅವರ 1990ರ ವರದಿ ತಿರುಗಿಸಿ ಹಾಕಿತು. ವೇದಿಕೆ ನಡೆಸುವವರೇ 'ನಮ್ಮಲ್ಲಿ ಇಂಥ ಇಂಥ ಅಪಾಯ ಇದೆ, ಹೀಗೆ ತಡೆದಿದ್ದೇವೆ, ಇದು ಸಾಕು ಅನ್ನೋದಕ್ಕೆ ಕಾರಣ ಇದು' ಎಂದು ಬರೆದು ಒಪ್ಪಿಸಬೇಕು. ಇನ್ಸ್‌ಪೆಕ್ಟರ್ ಆ ಬರಹ ನಿಜವಾ ಎಂದು ಪರೀಕ್ಷಿಸಬೇಕು. ತಪಾಸಣೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ ಅನಿಸುತ್ತದೆ ನನಗೆ. ಶಿಫ್ಟ್ ಬದಲಾಗುವ ಹೊತ್ತು ಯಾರು ಯಾರಿಗೆ ಏನು ಹೇಳಿದರು ಅನ್ನೋದು ಹಗಲಲ್ಲಿ ಬಂದು ಪೈಪಿನ ಬಣ್ಣ ನೋಡಿದರೆ ಕಾಣುವುದಿಲ್ಲ.

ಕಾಯಿಲೆಗಳ ವಿಷಯದಲ್ಲಿ ಈ ಕುರುಡು ಇನ್ನೂ ದೊಡ್ಡದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಕೆಲಸದ ಕಾರಣಕ್ಕೆ ವರ್ಷಕ್ಕೆ ಸುಮಾರು 29.3 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಅಪಘಾತದ ಪಾಲು ಸುಮಾರು 3.3 ಲಕ್ಷ. ಉಳಿದ 26 ಲಕ್ಷ ಕಾಯಿಲೆಗಳದ್ದು. ತಪಾಸಣೆಯ ಸಮಯ ಬಹುಪಾಲು ಹೋಗುವುದು ಆ 3.3 ಲಕ್ಷದ ಕಡೆಗೆ. ಕಲ್ಲು, ಮರಳಿನಿಂದ ಏಳುವ ಸಿಲಿಕಾ ದೂಳು ತೆಗೆದುಕೊಳ್ಳಿ. ಬೆಳಕಿನಲ್ಲಿ ತೇಲುವ ದೂಳು ನಮಗೆ ಕಾಣುತ್ತದೆ, ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣ ಬರಿಗಣ್ಣಿಗೆ ಕಾಣುವುದಿಲ್ಲ. ಅಳೆಯಬೇಕಾದರೆ ಕೆಲಸಗಾರನ ಕಾಲರಿಗೆ ಸಣ್ಣ ಸ್ಯಾಂಪ್ಲರ್ ಸಿಕ್ಕಿಸಿ, ಸೊಂಟಕ್ಕೆ ಪಂಪ್ ಕಟ್ಟಿ, ಇಡೀ ಶಿಫ್ಟ್ ಓಡಿಸಬೇಕು. ಎರಡು ಗಂಟೆಯ ಭೇಟಿಯಲ್ಲಿ ಆಗುವ ಕೆಲಸವಲ್ಲ. ಆಸ್ಟ್ರೇಲಿಯಾದಲ್ಲಿ ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನು ಕತ್ತರಿಸುತ್ತಿದ್ದ ಯುವಕರಿಗೆ ಸಿಲಿಕೋಸಿಸ್, ಅಂದರೆ ಈ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಬರತೊಡಗಿತು. ನೀರು ಹಾಕಿ ಕತ್ತರಿಸಿ, ಮಾಸ್ಕ್ ಹಾಕಿ, ತಪಾಸಣೆ ಮಾಡಿ ಎಂದು ಹೇಳಿ ನೋಡಿದರು. ಸಾಕಾಗಲಿಲ್ಲ. 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿದರು. ಮೆಟ್ಟಿಲ ಸಾಲಿನ ಮೊದಲನೆಯದು: ಅಪಾಯವನ್ನೇ ತೆಗೆದುಹಾಕು.

ಗೊತ್ತಿದ್ದೂ ಆದದ್ದು

ಕಾಣದೇ ಹೋದದ್ದು ಒಂದು ಕಥೆ. ಕಂಡೂ ಆದದ್ದು ಅದಕ್ಕಿಂತ ಕಹಿ. 2013ರ ಏಪ್ರಿಲ್ 23ರಂದು ಬಾಂಗ್ಲಾದೇಶದ ಢಾಕಾ ಹೊರವಲಯದ ರಾಣಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಎಂಜಿನಿಯರ್ ಒಬ್ಬರು ಬಂದು ನೋಡಿ ಅಪಾಯ ಎಂದರು. ಕೆಳಗಿನ ಬ್ಯಾಂಕ್ ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ ಫ್ಯಾಕ್ಟರಿಗಳ ಕೆಲಸಗಾರರಿಗೆ ಮರುದಿನ ಬನ್ನಿ ಎಂದು ಹೇಳಲಾಯಿತು. 24ರ ಬೆಳಿಗ್ಗೆ ಕಟ್ಟಡ ಕುಸಿಯಿತು. 1,134 ಮಂದಿ ಸತ್ತರು.

ಇಲ್ಲಿ ತಪಾಸಣೆ ಸೋತಿತು ಅನ್ನಲಾಗದು. ಅದು ಸರಿಯಾದ ಸಮಯಕ್ಕೆ ಸರಿಯಾದ ಮಾತನ್ನೇ ಹೇಳಿತ್ತು. ಹೇಳಿದವರಿಗೆ ಬಾಗಿಲು ಮುಚ್ಚಿಸುವ ಶಕ್ತಿ ಇರಲಿಲ್ಲ, ಕೇಳಿಸಿಕೊಂಡ ಕೆಲಸಗಾರರಿಗೆ 'ನಾವು ಒಳಗೆ ಹೋಗಲ್ಲ' ಎನ್ನುವ ಧೈರ್ಯಕ್ಕೆ ಬೆಂಬಲ ಇರಲಿಲ್ಲ. ಮುಂದಿನ ತಿಂಗಳು ಬ್ರ್ಯಾಂಡುಗಳೂ ಕಾರ್ಮಿಕ ಸಂಘಗಳೂ ಸೇರಿ ಮಾಡಿಕೊಂಡ 'ಅಕಾರ್ಡ್' ಒಪ್ಪಂದ ಗುರಿ ಇಟ್ಟದ್ದು ಈ ಎರಡಕ್ಕೇ. 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಸಹಿ ಹಾಕಿದವು, 1,600ಕ್ಕೂ ಹೆಚ್ಚು ಫ್ಯಾಕ್ಟರಿಗಳು ಅದರಡಿ ಬಂದವು. ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದುವ ಹಾಗೆ ಆನ್‌ಲೈನ್‌ನಲ್ಲಿ ಹಾಕಿದರು. ಸರಿಪಡಿಸದ ಫ್ಯಾಕ್ಟರಿ ಸಹಿ ಹಾಕಿದ ಎಲ್ಲ ಬ್ರ್ಯಾಂಡುಗಳ ಆರ್ಡರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿತ್ತು. ಅಪಾಯ ಕಂಡರೆ ಕೆಲಸಕ್ಕೆ ಇಳಿಯದಿರುವ ಹಕ್ಕನ್ನೂ ಬರೆದುಕೊಟ್ಟರು. ತಪಾಸಣೆಯ ಮಾತಿಗೆ ತೂಕ ಬಂದದ್ದು ಹೀಗೆ.

ಅದೇ ಕಾಲದ ಇನ್ನೊಂದು ಘಟನೆ ಪಕ್ಕಕ್ಕಿಟ್ಟು ನೋಡಿ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಬೇಕೆಂದೇ ಹಚ್ಚಿದ್ದು ಎಂದು ಅಲ್ಲಿನ ನ್ಯಾಯಾಲಯ ವರ್ಷಗಳ ನಂತರ ತೀರ್ಪು ಕೊಟ್ಟಿತು. ಆದರೆ ಅಷ್ಟು ಜನ ಹೊರಬರಲಾಗದೆ ಸಾಯಲು ಸರಳು ಹಾಕಿದ ಕಿಟಕಿ, ಬೀಗ ಹಾಕಿದ ಬಾಗಿಲು ಕಾರಣವಾದವು. ಆ ಫ್ಯಾಕ್ಟರಿಗೆ ಕೆಲವೇ ವಾರ ಮೊದಲು ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣಪತ್ರ ಸಿಕ್ಕಿತ್ತು! 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್ ಫ್ಯಾಕ್ಟರಿಯಲ್ಲಿ 146 ಮಂದಿ ಸತ್ತಾಗಲೂ ಬಾಗಿಲಿಗೆ ಬೀಗವಿತ್ತು. ನೂರು ವರ್ಷ ಕಳೆದರೂ ಅದೇ ಬೀಗ. ಬೀಗ ಹಾಕುವುದು ಕಳ್ಳತನದ ಹೆದರಿಕೆಗೆ. ಆ ಹೆದರಿಕೆಗೆ ಬೇರೆ ಪರಿಹಾರ ಕೊಡದೆ ತಪಾಸಣೆ ದಿನ ಬೀಗ ತೆಗೆಸಿದರೆ ಸಂಜೆಗೆ ಮತ್ತೆ ಬೀಳುತ್ತದೆ.

ಪ್ರಮಾಣಪತ್ರ ಕೊಡುವವರಿಗೆ ದುಡ್ಡು ಕೊಡುವವರು ಯಾರು ಅನ್ನೋದು ಮುಜುಗರದ ಪ್ರಶ್ನೆ. ಗುಜರಾತಿನ ಒಂದು ಪ್ರಯೋಗದಲ್ಲಿ ಅದಕ್ಕೆ ಉತ್ತರವಿದೆ. ಅದು ಮಾಲಿನ್ಯ ತಪಾಸಣೆಯ ಕುರಿತದ್ದು, ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಕಾರ್ಖಾನೆಯೇ ತನ್ನ ಆಡಿಟರನ್ನು ಆರಿಸಿ, ಅದೇ ಹಣ ಕೊಡುವ ಪದ್ಧತಿಯಲ್ಲಿ ಹೊಗೆಯ ಅಳತೆಗಳು ಅಚ್ಚರಿ ಎನ್ನುವಷ್ಟು ಸಲ ಮಿತಿಗಿಂತ ಸ್ವಲ್ಪವೇ ಕೆಳಗೆ ಬರುತ್ತಿದ್ದವು. ಸಂಶೋಧಕರು ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆ ಸೇರಿ ಕೆಲವು ಕಾರ್ಖಾನೆಗಳಿಗೆ ಬೇರೆ ಪದ್ಧತಿ ತಂದರು. ಆಡಿಟರ್ ಯಾರೆಂದು ಚೀಟಿಯಿಂದ ತೀರ್ಮಾನ. ಹಣ ಒಂದು ಸಾಮಾನ್ಯ ನಿಧಿಯಿಂದ. ಕೆಲವು ಅಳತೆಗಳನ್ನು ಬೇರೆಯವರು ಹೋಗಿ ಮತ್ತೆ ತೆಗೆಯುತ್ತಾರೆ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಿತಿ ಮೀರಿದ್ದನ್ನು 'ಸರಿ ಇದೆ' ಎಂದು ಸುಳ್ಳು ಬರೆಯುವುದು ಶೇ. 80ರಷ್ಟು ಇಳಿದಿತ್ತು. ಕಾರ್ಖಾನೆಗಳು ನಿಜವಾಗಿಯೂ ಕಡಿಮೆ ಹೊಗೆ ಬಿಟ್ಟವು. ಅದೇ ಆಡಿಟರುಗಳ ಗುಂಪು, ಪದ್ಧತಿ ಮಾತ್ರ ಬೇರೆ.

ಬರುವ ಮೊದಲೇ ಬರುವ ಸುದ್ದಿ

1947ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಿದ 81ನೇ ಕನ್ವೆನ್ಷನ್ (ದೇಶಗಳ ನಡುವಿನ ಒಪ್ಪಂದ) ಪ್ರಕಾರ ಇನ್ಸ್‌ಪೆಕ್ಟರುಗಳು ಹಗಲು ರಾತ್ರಿ ಯಾವ ಹೊತ್ತಿಗಾದರೂ ಮೊದಲೇ ತಿಳಿಸದೆ ಒಳಗೆ ಹೋಗಬಹುದು. ಯಾಕೆ ಇಷ್ಟು ಖಡಾಖಂಡಿತ ಎಂದು ತಿಳಿಯಲು ಅಮೆರಿಕದ ಅಪ್ಪರ್ ಬಿಗ್ ಬ್ರಾಂಚ್ ಕಲ್ಲಿದ್ದಲು ಗಣಿ ನೋಡಿದರೆ ಸಾಕು. 2010ರ ಏಪ್ರಿಲ್ 5ರಂದು ಅಲ್ಲಿ 29 ಗಣಿ ಕಾರ್ಮಿಕರು ಸತ್ತರು. ಮೀಥೇನ್ ಹೊತ್ತಿಕೊಂಡಿತು, ತೆಗೆಯದೆ ಬಿಟ್ಟಿದ್ದ ಕಲ್ಲಿದ್ದಲ ದೂಳು ಅದನ್ನು ಗಣಿಯ ಉದ್ದಕ್ಕೂ ಕೊಂಡೊಯ್ದಿತು. ಆ ಗಣಿಗೆ ತಪಾಸಣೆ ಕಡಿಮೆ ಇರಲಿಲ್ಲ. ಇನ್ಸ್‌ಪೆಕ್ಟರ್ ಗೇಟಿಗೆ ಬಂದ ತಕ್ಷಣ ಕಾವಲುಗಾರರು ರೇಡಿಯೊದಲ್ಲಿ ಒಳಗೆ ಸುದ್ದಿ ಮುಟ್ಟಿಸುತ್ತಿದ್ದರು. ಅವರು ಕೆಳಗೆ ಇಳಿಯುವಷ್ಟರಲ್ಲಿ ಎಲ್ಲ ಸರಿ. ಪುಸ್ತಕವೂ ಎರಡು. ಅಪಾಯಗಳನ್ನು ಕಂಪನಿಯ ಒಳ ಪುಸ್ತಕದಲ್ಲಿ ಬರೆಯುತ್ತಿದ್ದರು, ಇನ್ಸ್‌ಪೆಕ್ಟರ್ ನೋಡುವ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಅಂದರೆ ಅಪಾಯ ಗುರುತಿಸುವ ಕೆಲಸ ನಡೆಯುತ್ತಲೇ ಇತ್ತು!

ಅದೇ ಕನ್ವೆನ್ಷನ್‌ನಲ್ಲಿ ಇನ್ನೊಂದು ಸಣ್ಣ ಮಾತು ನನಗೆ ತುಂಬಾ ಹಿಡಿಸುತ್ತದೆ. ದೂರು ಕೊಟ್ಟವರ ಹೆಸರು ಹೇಳಬಾರದು, ಅಷ್ಟೇ ಅಲ್ಲ, ದೂರಿನ ಕಾರಣಕ್ಕೆ ಬಂದಿದ್ದೇವೆ ಎಂಬ ಸುಳಿವೂ ಕೊಡಬಾರದು. ಕಾರಣ ಸುಲಭ. ಮೆಷಿನ್ನಿನ ಇಂಟರ್‌ಲಾಕನ್ನು ಒಂದು ಅಯಸ್ಕಾಂತ ಇಟ್ಟು ಮೋಸ ಮಾಡಿದ್ದಾರೆ ಅನ್ನೋದು ಆ ಮೆಷಿನ್ ನಡೆಸುವವನಿಗೆ ಮಾತ್ರ ಗೊತ್ತು. ಇನ್ಸ್‌ಪೆಕ್ಟರ್ ನೇರ ಅಲ್ಲಿಗೇ ನಡೆದರೆ ಹೇಳಿದ್ದು ಯಾರೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಕೆಲಸಗಾರ ಬಾಯಿ ಬಿಡದಿದ್ದರೆ ತಪಾಸಣೆಗೆ ಅರ್ಧ ಕಣ್ಣೇ ಇಲ್ಲ. ಮ್ಯಾನೇಜರ್ ಪಕ್ಕದಲ್ಲೇ ನಿಂತಿರುವಾಗ 'ಏನಪ್ಪಾ, ತೊಂದರೆ ಇದೆಯಾ?' ಎಂದು ಕೇಳಿದರೆ 'ಏನಿಲ್ಲ ಸಾರ್' ಎಂಬ ಉತ್ತರವೇ ಬರುವುದು.

ಇನ್ಸ್‌ಪೆಕ್ಟರ್ ಕೂಡ ಮನುಷ್ಯರೇ. ಆಹಾರ ಸುರಕ್ಷತಾ ತಪಾಸಣೆಗಳ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನದ ಕೊನೆಗೆ ಮಾಡಿದ ತಪಾಸಣೆಗಳಲ್ಲಿ ಸಿಗುವ ತಪ್ಪುಗಳು ಕಡಿಮೆಯಾಗುತ್ತಾ ಹೋಗಿದ್ದವು. ಸುಸ್ತು. ಮೇಲಾಗಿ ಅವರ ಸಂಖ್ಯೆಯೂ ಕಡಿಮೆ. ಬ್ರಿಟನ್ನಿನ 1833ರ ಫ್ಯಾಕ್ಟರಿ ಕಾಯ್ದೆ ಇಡೀ ದೇಶದ ಗಿರಣಿಗಳಿಗೆ ನಾಲ್ವರು ಇನ್ಸ್‌ಪೆಕ್ಟರುಗಳನ್ನು ಕೊಟ್ಟಿತ್ತು. ಮುಂದುವರಿದ ಕೈಗಾರಿಕಾ ದೇಶಗಳಲ್ಲಿ 10,000 ಕೆಲಸಗಾರರಿಗೆ ಒಬ್ಬರು, ಹಿಂದುಳಿದ ದೇಶಗಳಲ್ಲಿ 40,000ಕ್ಕೆ ಒಬ್ಬರಾದರೂ ಇರಲಿ ಅನ್ನೋದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕ. ಅದನ್ನೂ ಮುಟ್ಟದ ದೇಶಗಳು ಬೇಕಾದಷ್ಟಿವೆ.

ಈ ಕೊರತೆ ತುಂಬಲು ಈಗ ವಿಡಿಯೊ ಕರೆಯಲ್ಲಿ ತಪಾಸಣೆ ಮಾಡುವ ಪದ್ಧತಿ ಹಬ್ಬುತ್ತಿದೆ. ಕೊರೊನಾ ಕಾಲದಲ್ಲಿ ಅನಿವಾರ್ಯವಾಗಿ ಬಂದದ್ದು, ಆಮೇಲೂ ಹಲವು ಕಡೆ ಉಳಿದುಕೊಂಡಿತು. ದಾಖಲೆ ನೋಡಲು, ದೂರದ ಜಾಗಗಳಿಗೆ ಆಗಾಗ ಕಣ್ಣು ಹಾಯಿಸಲು ಅದು ಚೆನ್ನಾಗಿಯೇ ಇದೆ. ಹಳೆ ಸಾಲುಗಳು ಎಷ್ಟು ಸಲ ಮರಳಿ ಬಂದಿವೆ ಎಂದು ನೋಡಲಂತೂ ಸ್ಥಳಕ್ಕೆ ಹೋಗಬೇಕಿಲ್ಲ, ಸ್ಟೋರ್ ರಿಜಿಸ್ಟರನ್ನೂ ಸ್ಕ್ರೀನ್ ಮೇಲೇ ತೆಗೆಸಬಹುದು. ಆದರೆ ಫೋನ್ ಹಿಡಿದು ನಡೆಯುವವರು ಸಾಮಾನ್ಯವಾಗಿ ಸೂಪರ್‌ವೈಸರ್. ಅವರು ಎತ್ತ ತಿರುಗಿಸುತ್ತಾರೋ ಅತ್ತಲೇ ಕಾಣುತ್ತದೆ. ಕನ್ವೇಯರ್ ಹತ್ತಿರ ಬಂದಾಗ ಅವರು ಗಾರ್ಡನ್ನು ತೋರಿಸುತ್ತಾರೆ, ಎಮರ್ಜೆನ್ಸಿ ಸ್ವಿಚ್ಚನ್ನು ತೋರಿಸುತ್ತಾರೆ, ಹೊಸದಾಗಿ ಬಳಿದ ಹಳದಿ ಗೆರೆಯನ್ನು ತೋರಿಸುತ್ತಾರೆ. ಆ ಕೋಲು ಮೆಷಿನ್ನಿನ ಆಚೆ ಬದಿಗೆ ಒರಗಿಕೊಂಡಿದೆ.